12345654321 (ಸಂಖ್ಯೆ)

12345654321 ಒಂದು ಸ್ವಾಭಾವಿಕ ಸಂಖ್ಯೆ. ಸಂಖ್ಯಾಕ್ರಮದಲ್ಲಿ ಇದು 12345654320ರ ನಂತರ, 12345654322ರ ಮೊದಲು ಬರುತ್ತದೆ. ಹನ್ನೊಂದು ಅಂಕಿಗಳ ಈ ಬೆಸ ಸಂಖ್ಯೆಯು 111111ರ ವರ್ಗ. ಇದರ ಅಂಕಿಗಳು ಒಂದರಿಂದ ಆರರವರೆಗೆ ಕ್ರಮವಾಗಿ ಏರಿ, ಮತ್ತೆ ಕ್ರಮವಾಗಿ ಒಂದಕ್ಕೆ ಇಳಿಯುತ್ತವೆ. ಆದ್ದರಿಂದ ಇದನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಸಂಖ್ಯೆ ದೊರೆಯುತ್ತದೆ.

ಕ್ರಿ.ಶ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ದಲ್ಲಿ ಈ ಸಂಖ್ಯೆಯು ಗುಣಾಕಾರದ ಉದಾಹರಣೆಯೊಂದರ ಉತ್ತರವಾಗಿ ಬರುತ್ತದೆ. ಕೊರಳ ಹಾರದಂತೆ ಎರಡೂ ಬದಿಗಳಲ್ಲಿ ಸಮನಾಗಿ ಕಾಣುವ ಇಂಥ ಗುಣಲಬ್ಧಗಳನ್ನು ಇಂದಿನ ಲೇಖಕರು 'ಹಾರಸಂಖ್ಯೆ'ಗಳೆಂದು ಕರೆಯುತ್ತಾರೆ.

ಈ ಸಂಖ್ಯೆಯ ಗುಣಗಳಲ್ಲಿ ಎರಡು ಬಗೆಗಳಿವೆ. ಪೂರ್ಣವರ್ಗವಾಗಿರುವುದು, ಇಂತಿಷ್ಟು ಭಾಜಕಗಳಿರುವುದು ಮೊದಲಾದವು ಸಂಖ್ಯೆಗೇ ಸೇರಿದ ಗುಣಗಳು; ಸಂಖ್ಯೆಯನ್ನು ಯಾವ ಪದ್ಧತಿಯಲ್ಲಿ ಬರೆದರೂ ಅವು ಬದಲಾಗುವುದಿಲ್ಲ. ಏರಿಳಿತದ ಅಂಕಿಗಳು, ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುವುದು ಮೊದಲಾದವು ದಶಮಾನ ಪದ್ಧತಿಯ ಬರವಣಿಗೆಗೆ ಸೇರಿದವು. ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡರೆ ಮಹಾವೀರಾಚಾರ್ಯರ ಉದಾಹರಣೆಯ ಐತಿಹಾಸಿಕ ಮಹತ್ವವೂ ಸ್ಪಷ್ಟವಾಗುತ್ತದೆ.

ಸಂಕ್ಷಿಪ್ತ ಮಾಹಿತಿ

ಅಂಕಿಗಳ ಸಂಖ್ಯೆ: 11
ಬಗೆ: ಬೆಸ ಸಂಖ್ಯೆ, ಸಂಯುಕ್ತ ಸಂಖ್ಯೆ, ಪೂರ್ಣವರ್ಗ
ವರ್ಗಮೂಲ: 111111
ಅವಿಭಾಜ್ಯ ಅಪವರ್ತನಗಳು: 3² × 7² × 11² × 13² × 37²
ಭಾಜಕಗಳ ಸಂಖ್ಯೆ: 243
ಭಾಜಕಗಳ ಮೊತ್ತ: 25375524993
ಅಂಕಿಗಳ ಮೊತ್ತ: 36
ದ್ವಿಮಾನ ರೂಪ: 1011011111110110111011110000110001

ಓದುವ ಕ್ರಮ

ಭಾರತೀಯ ಕ್ರಮದಲ್ಲಿ ಅಲ್ಪವಿರಾಮಗಳನ್ನು ಹಾಕಿ ಬರೆದಾಗ ಈ ಸಂಖ್ಯೆ 12,34,56,54,321 ಎಂದಾಗುತ್ತದೆ. ಇದನ್ನು 'ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು' ಎಂದು ಓದಬೇಕು.

ಮಹಾವೀರಾಚಾರ್ಯರು ತಮ್ಮ ಗ್ರಂಥದ ಸಂಜ್ಞಾಧಿಕಾರದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅವು ಕ್ರಮವಾಗಿ ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ ಮತ್ತು ಮಹಾಕ್ಷೋಭ. ಪ್ರತಿಯೊಂದು ಸ್ಥಾನವೂ ಹಿಂದಿನ ಸ್ಥಾನದ ಹತ್ತು ಪಟ್ಟು.

ಈ ಕ್ರಮದಲ್ಲಿ 12345654321ರ ಎಡತುದಿಯ 1 ಹನ್ನೊಂದನೆಯದಾದ ಅರ್ಬುದ ಸ್ಥಾನದಲ್ಲಿದೆ. ಅಲ್ಲಿಂದ ಕೆಳಗಿಳಿಯುತ್ತ ಬಂದರೆ ಶತಕೋಟಿಯಲ್ಲಿ 2, ದಶಕೋಟಿಯಲ್ಲಿ 3, ಕೋಟಿಯಲ್ಲಿ 4, ದಶಲಕ್ಷದಲ್ಲಿ 5, ಲಕ್ಷದಲ್ಲಿ 6 ಇವೆ. ಲಕ್ಷದ ಸ್ಥಾನವೇ ಇದರ ಶಿಖರ. ಅನಂತರ ದಶಸಹಸ್ರದಲ್ಲಿ 5, ಸಹಸ್ರದಲ್ಲಿ 4, ಶತದಲ್ಲಿ 3, ದಶದಲ್ಲಿ 2, ಏಕದಲ್ಲಿ 1 ಬರುತ್ತವೆ. 'ಅರ್ಬುದ' ಎಂಬ ಹೆಸರು ಎಲ್ಲ ಗ್ರಂಥಗಳಲ್ಲಿ ಒಂದೇ ಬೆಲೆಯನ್ನು ಸೂಚಿಸುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. 12ನೆಯ ಶತಮಾನದ ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲಿ ಅರ್ಬುದವು ಹತ್ತು ಕೋಟಿ. ಗಣಿತಸಾರಸಂಗ್ರಹದಲ್ಲಿ ಅದು ಸಾವಿರ ಕೋಟಿ.

ಗಣಿತಸಾರಸಂಗ್ರಹದಲ್ಲಿ

ಗಣಿತಸಾರಸಂಗ್ರಹವು ಸಂಸ್ಕೃತದಲ್ಲಿರುವ ಪದ್ಯರೂಪದ ಗಣಿತಗ್ರಂಥ. ಒಂಬತ್ತು ಅಧ್ಯಾಯಗಳಲ್ಲಿ 1100ಕ್ಕೂ ಹೆಚ್ಚು ಪದ್ಯಗಳಿವೆ. ಖಗೋಳಶಾಸ್ತ್ರದ ಗ್ರಂಥದೊಳಗೆ ಗಣಿತವನ್ನು ಒಂದು ಭಾಗವಾಗಿ ಸೇರಿಸುವ ವಾಡಿಕೆ ಇದ್ದ ಕಾಲದಲ್ಲಿ, ಗಣಿತವೊಂದನ್ನೇ ವಿಷಯವಾಗಿಟ್ಟುಕೊಂಡು ರಚಿತವಾದ ಕೃತಿಗಳಲ್ಲಿ ಇದು ಪ್ರಮುಖವಾದುದು. ಗ್ರಂಥದ ಆರಂಭದಲ್ಲಿ ಅಮೋಘವರ್ಷ ನೃಪತುಂಗನ ಪ್ರಶಂಸೆಯಿದೆ. ಅವನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ. ಕನ್ನಡದಲ್ಲಿ ಇಂದು ಉಪಲಬ್ಧವಿರುವ ಮೊದಲ ಗ್ರಂಥವಾದ 'ಕವಿರಾಜಮಾರ್ಗ'ವೂ ಇದೇ ಅರಸನ ಆಸ್ಥಾನದಲ್ಲಿ ಹುಟ್ಟಿದ ಕೃತಿ.

ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಮೂಲಕ್ರಿಯೆಗಳ ವಿವರಣೆಯಿದೆ. ಅಲ್ಲಿ ಗುಣಾಕಾರಕ್ಕೆ 'ಪ್ರತ್ಯುತ್ಪನ್ನ' ಎಂದು ಹೆಸರು. ಗುಣಾಕಾರದ ಉದಾಹರಣೆಗಳಲ್ಲಿ ಉತ್ತರವೇ ಆಭರಣದಂತೆ ಕಾಣುವ ಹಲವು ಲೆಕ್ಕಗಳಿದ್ದು, ಅವುಗಳನ್ನು ಕುರಿತು ಕಂಠಿಕಾ, ರಾಜಕಂಠಿಕಾ, ಕಂಠಾಭರಣ ಮುಂತಾದ ಪದಗಳು ಬಳಕೆಯಾಗಿವೆ. ಈ ಗ್ರಂಥದಲ್ಲಿ ಬರುವ ಅಂಥ ಗುಣಾಕಾರಗಳು ಇವು:

139 × 109 = 15151
152207 × 73 = 11111111
14287143 × 7 = 100010001
12345679 × 9 = 111111111
142857143 × 7 = 1000000001
27994681 × 441 = 12345654321
333333666667 × 33 = 11000011000011

12345654321 ಎಂಬ ಉತ್ತರವನ್ನು ಅಂಕಿಗಳ ಹೆಸರುಗಳಿಂದ ಒಂದೊಂದಾಗಿ ಹೇಳದೆ, ಒಂದರಿಂದ ಆರಂಭವಾಗಿ ಆರರವರೆಗೆ ಏರಿ ಬಳಿಕ ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಎಂದು ವರ್ಣಿಸಲಾಗಿದೆ. ಸ್ಥಾನಬೆಲೆಯ ಕಲ್ಪನೆ ಓದುಗನ ಮನಸ್ಸಿನಲ್ಲಿ ನೆಲೆಗೊಂಡಿದ್ದರೆ ಮಾತ್ರ ಇಂಥ ವರ್ಣನೆ ಅರ್ಥವಾಗುತ್ತದೆ.

ಈ ಗುಣಾಕಾರವನ್ನು ಶಾಲೆಯಲ್ಲಿ ಕಲಿಯುವ ಕ್ರಮದಲ್ಲಿಯೇ ಮಾಡಿ ನೋಡಬಹುದು:

27994681 × 400 = 11197872400
27994681 × 40 = 1119787240
27994681 × 1 = 27994681
ಒಟ್ಟು = 12345654321

ನಡುವಿನ ಮೂರು ಸಾಲುಗಳಲ್ಲಿ ಯಾವ ವಿನ್ಯಾಸವೂ ಕಾಣುವುದಿಲ್ಲ. ಕೂಡಿದ ಕೂಡಲೇ ಉತ್ತರವು ತಾನಾಗಿ ಜೋಡಣೆಗೊಳ್ಳುತ್ತದೆ. ಗುಣ್ಯವನ್ನೂ ಗುಣಕವನ್ನೂ ಪರಿಶೀಲಿಸಿದರೆ ಎರಡೂ ಪೂರ್ಣವರ್ಗಗಳೇ ಆಗಿರುವುದು ಕಂಡುಬರುತ್ತದೆ. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21 × 5291 = 111111 ಆಗಿರುವುದರಿಂದ ಅವುಗಳ ವರ್ಗಗಳ ಗುಣಲಬ್ಧವು 111111ರ ವರ್ಗವಾಗುತ್ತದೆ.

ಇಂಥ ಉದಾಹರಣೆಗಳಿಂದ ಬೋಧನೆಗೆ ಒಂದು ಪ್ರಯೋಜನವಿದೆ. ಪದ್ಯರೂಪದ ಗಣಿತಗ್ರಂಥಗಳಲ್ಲಿ ಸಂಖ್ಯೆಗಳನ್ನು ಅನೇಕ ವೇಳೆ ಭೂತಸಂಖ್ಯೆಗಳ ಮೂಲಕ, ಅಂದರೆ ಚಂದ್ರ ಎಂದರೆ ಒಂದು, ಕಣ್ಣು ಎಂದರೆ ಎರಡು ಎಂಬ ರೀತಿಯ ಪದಸಂಕೇತಗಳ ಮೂಲಕ, ಏಕಸ್ಥಾನದಿಂದ ತೊಡಗಿ ಎಡಕ್ಕೆ ಸಾಗುವಂತೆ ಹೇಳಲಾಗುತ್ತಿತ್ತು. ಕೇಳುವವನು ಒಂದು ಪದವನ್ನು ತಪ್ಪಾಗಿ ಗ್ರಹಿಸಿದರೂ, ನಕಲುಗಾರನು ಎರಡು ಅಂಕಿಗಳನ್ನು ಅದಲುಬದಲು ಮಾಡಿದರೂ ಲೆಕ್ಕ ಕೆಡುತ್ತದೆ. ಉದಾಹರಣೆಗೆ ಗುಣ್ಯದ ಕೊನೆಯ ಎರಡು ಅಂಕಿಗಳನ್ನು ಅದಲುಬದಲಾಗಿಸಿ 27994618 ಎಂದು ಬರೆದುಕೊಂಡರೆ ಉತ್ತರ 12345626538 ಆಗುತ್ತದೆ; ಹಾರ ಹರಿದಿರುವುದು ತಕ್ಷಣ ಕಣ್ಣಿಗೆ ಬೀಳುತ್ತದೆ. ಹೀಗೆ ಉತ್ತರವೇ ತನ್ನ ಸರಿತಪ್ಪನ್ನು ಸಾರುತ್ತದೆ. ಎಡಬಲಗಳಿಂದ ಒಂದೇ ಆಗಿರುವ ಸಂಖ್ಯೆಯನ್ನು ಯಾವ ತುದಿಯಿಂದ ಓದಬೇಕೆಂಬ ಗೊಂದಲವೂ ಇರುವುದಿಲ್ಲ.

ಅಪವರ್ತನಗಳು

ಒಂದೇ ಅಂಕಿಯಾದ 1 ಪುನರಾವರ್ತನೆಗೊಂಡು ಆಗುವ 1, 11, 111, 1111 ಮೊದಲಾದ ಸಂಖ್ಯೆಗಳನ್ನು ಆಧುನಿಕ ಗಣಿತದಲ್ಲಿ ರೆಪ್ಯುನಿಟ್‌ಗಳೆನ್ನುತ್ತಾರೆ. 111111 ಈ ಶ್ರೇಣಿಯ ಆರನೆಯದು. ಇದನ್ನು 111 × 1001 ಎಂದು ಬರೆಯಬಹುದು. 111 = 3 × 37 ಹಾಗೂ 1001 = 7 × 11 × 13 ಆಗಿರುವುದರಿಂದ,

111111 = 3 × 7 × 11 × 13 × 37
12345654321 = 3² × 7² × 11² × 13² × 37²

ಅಂದರೆ ಈ ದೊಡ್ಡ ಸಂಖ್ಯೆಯು ಐದು ಸಣ್ಣ ಅವಿಭಾಜ್ಯ ಸಂಖ್ಯೆಗಳಿಂದಲೇ ನಿರ್ಮಿತವಾಗಿದೆ. ಅವುಗಳಿಂದ ಇದು ಭಾಗವಾಗುವುದನ್ನು ದೀರ್ಘ ಭಾಗಾಕಾರವಿಲ್ಲದೆಯೇ ಪರೀಕ್ಷಿಸಬಹುದು.

9ರಿಂದ: ಅಂಕಿಗಳ ಮೊತ್ತ 36. ಅದು 9ರಿಂದ ಭಾಗವಾಗುವುದರಿಂದ ಸಂಖ್ಯೆಯೂ ಭಾಗವಾಗುತ್ತದೆ.

11ರಿಂದ: ಅಂಕಿಗಳನ್ನು ಒಂದನ್ನು ಕೂಡಿ ಒಂದನ್ನು ಕಳೆಯುತ್ತ ಹೋದರೆ 1 − 2 + 3 − 4 + 5 − 6 + 5 − 4 + 3 − 2 + 1 = 0 ಬರುತ್ತದೆ.

7, 11 ಮತ್ತು 13ರಿಂದ: ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಂತೆ 12, 345, 654, 321 ಎಂದು ವಿಂಗಡಿಸಿ, 321 − 654 + 345 − 12 ಎಂದು ಲೆಕ್ಕ ಮಾಡಿದರೆ ಉತ್ತರ 0. ಆದ್ದರಿಂದ ಇದು 1001ರಿಂದ ಭಾಗವಾಗುತ್ತದೆ.

37ರಿಂದ: ಅದೇ ಗುಂಪುಗಳನ್ನು ಕೂಡಿದರೆ 12 + 345 + 654 + 321 = 1332. ಮತ್ತೊಮ್ಮೆ 1 + 332 = 333. ಇದು 37ರ ಒಂಬತ್ತು ಪಟ್ಟು.

ಪೂರ್ಣವರ್ಗವಾಗಿ

111111ನ್ನು 111111ರಿಂದಲೇ ಗುಣಿಸುವಾಗ ಒಂದೊಂದು ಸ್ಥಾನ ಎಡಕ್ಕೆ ಸರಿದ ಆರು ಸಾಲುಗಳಲ್ಲಿ 111111 ಬರೆಯಬೇಕಾಗುತ್ತದೆ. ಬಲತುದಿಯ ಕಂಬದಲ್ಲಿ ಒಂದೇ ಒಂದು 1 ಇರುತ್ತದೆ. ಮುಂದಿನದರಲ್ಲಿ ಎರಡು, ಅದರ ಮುಂದಿನದರಲ್ಲಿ ಮೂರು, ಹೀಗೆ ಆರನೆಯ ಕಂಬದಲ್ಲಿ ಆರು 1ಗಳಾಗಿ, ಅಲ್ಲಿಂದ ಮತ್ತೆ ಕಡಿಮೆಯಾಗುತ್ತ ಹೋಗುತ್ತವೆ. ಯಾವ ಕಂಬದ ಮೊತ್ತವೂ ಒಂಬತ್ತನ್ನು ಮೀರದಿರುವುದರಿಂದ ದಶಕ ಎತ್ತಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಕಂಬಗಳ ಮೊತ್ತಗಳೇ ಉತ್ತರದ ಅಂಕಿಗಳಾಗುತ್ತವೆ. ಏರಿಳಿತದ ವಿನ್ಯಾಸಕ್ಕೆ ಕಾರಣ ಇಷ್ಟೇ.

ಈ ವಿನ್ಯಾಸ ಒಂಬತ್ತು ಒಂದುಗಳವರೆಗೆ ನಿಲ್ಲುತ್ತದೆ:

1² = 1
11² = 121
111² = 12321
1111² = 1234321
11111² = 123454321
111111² = 12345654321
1111111² = 1234567654321
11111111² = 123456787654321
111111111² = 12345678987654321

ಹತ್ತು ಒಂದುಗಳಿರುವ ಸಂಖ್ಯೆಯ ವರ್ಗ 1234567900987654321. ಇಲ್ಲಿ ನಡುಕಂಬದ ಮೊತ್ತ ಹತ್ತಾಗಿ ದಶಕವು ಎಡಕ್ಕೆ ಸಾಗುವುದರಿಂದ ಸಮತೆ ಮುರಿಯುತ್ತದೆ.

ಈ ಶ್ರೇಣಿಯ ಸಂಖ್ಯೆಗಳು ಡೆಮ್ಲೊ ಸಂಖ್ಯೆಗಳ ಪೈಕಿ ಸೇರುತ್ತವೆ. ಈ ಹೆಸರನ್ನು ಕೊಟ್ಟವರು ಮಹಾರಾಷ್ಟ್ರದ ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಗಣಿತಜ್ಞ ದ. ರಾ. ಕಾಪ್ರೇಕರ್ (1905–1986). 6174 ಎಂಬ 'ಕಾಪ್ರೇಕರ್ ಸ್ಥಿರಾಂಕ'ದಿಂದ ಪ್ರಸಿದ್ಧರಾದ ಇವರು, ಇಂಥ ಸಂಖ್ಯೆಗಳ ವಿಚಾರ ಹೊಳೆದ ರೈಲು ನಿಲ್ದಾಣದ ಹೆಸರನ್ನೇ ಅವುಗಳಿಗೆ ಇಟ್ಟರು. 12345654321 ಮೇಲಿನ ಶ್ರೇಣಿಯ ಆರನೆಯ ಸದಸ್ಯ.

ವರ್ಗ ಮಾಡಲು ಮಹಾವೀರಾಚಾರ್ಯರು ಕೊಟ್ಟಿರುವ ಎರಡು ವಿಧಾನಗಳನ್ನು ಇದೇ ಸಂಖ್ಯೆಗೆ ಅನ್ವಯಿಸಿ ನೋಡಬಹುದು. ಮೊದಲನೆಯದು, 1ರಿಂದ ಆರಂಭವಾಗಿ ಎರಡೆರಡರಂತೆ ಏರುವ ಶ್ರೇಢಿಯ ಮೊತ್ತ. ಇದರಂತೆ 1 + 3 + 5 + … + 222221 ಎಂಬ ಮೊದಲ 111111 ಬೆಸ ಸಂಖ್ಯೆಗಳ ಮೊತ್ತವು 12345654321. ಎರಡನೆಯದು, ಸಂಖ್ಯೆಗೆ ಇಷ್ಟವಾದ ಒಂದು ಸಂಖ್ಯೆಯನ್ನು ಕೂಡಿ, ಅದನ್ನೇ ಕಳೆದು, ದೊರೆತ ಎರಡನ್ನು ಗುಣಿಸಿ, ಇಷ್ಟಸಂಖ್ಯೆಯ ವರ್ಗವನ್ನು ಸೇರಿಸುವುದು. ಇಷ್ಟಸಂಖ್ಯೆಯಾಗಿ 11111ನ್ನು ಆರಿಸಿಕೊಂಡರೆ ಕೆಲಸ ಬಹಳ ಹಗುರವಾಗುತ್ತದೆ:

111111 + 11111 = 122222
111111 − 11111 = 100000
122222 × 100000 = 12222200000
11111² = 123454321
12222200000 + 123454321 = 12345654321

ಐದನೆಯ ಡೆಮ್ಲೊ ಸಂಖ್ಯೆಯಿಂದ ಆರನೆಯದು ಹೊರಬರುವುದನ್ನು ಈ ಲೆಕ್ಕ ತೋರಿಸುತ್ತದೆ.

ಭಾಜಕಗಳು ಮತ್ತು ವರ್ಗೀಕರಣ

ಈ ಸಂಖ್ಯೆಗೆ ಒಟ್ಟು 243 ಭಾಜಕಗಳಿವೆ. ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು ಅಥವಾ ಎರಡು ಬಾರಿ ತೆಗೆದುಕೊಳ್ಳಬಹುದು. ಹೀಗೆ ಪ್ರತಿಯೊಂದಕ್ಕೂ ಮೂರು ಆಯ್ಕೆಗಳಿರುವುದರಿಂದ 3 × 3 × 3 × 3 × 3 = 243. ಮೊದಲ ಹತ್ತು ಭಾಜಕಗಳು 1, 3, 7, 9, 11, 13, 21, 33, 37 ಮತ್ತು 39. ಭಾಜಕಗಳು ಸಾಮಾನ್ಯವಾಗಿ ಜೋಡಿ ಜೋಡಿಯಾಗಿ ಬರುತ್ತವೆ. ಇಲ್ಲಿ 121 ಜೋಡಿಗಳಿದ್ದು, 111111 ತನಗೆ ತಾನೇ ಜೋಡಿಯಾಗಿ ಉಳಿಯುತ್ತದೆ. ಭಾಜಕಗಳ ಸಂಖ್ಯೆ ಬೆಸವಾಗಿರುವುದು ಪೂರ್ಣವರ್ಗಗಳಿಗೆ ಮಾತ್ರ ಇರುವ ಲಕ್ಷಣ.

ಸಮೃದ್ಧ ಸಂಖ್ಯೆ: ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತವು ತನಗಿಂತ ಹೆಚ್ಚಾಗಿರುವ ಸಂಖ್ಯೆಯನ್ನು ಸಮೃದ್ಧ ಸಂಖ್ಯೆ ಎನ್ನುತ್ತಾರೆ, ಕಡಿಮೆಯಾಗಿದ್ದರೆ ನ್ಯೂನ ಸಂಖ್ಯೆ, ಸಮವಾಗಿದ್ದರೆ ಪರಿಪೂರ್ಣ ಸಂಖ್ಯೆ. 12345654321ರ ಎಲ್ಲ ಭಾಜಕಗಳ ಮೊತ್ತ 13 × 57 × 133 × 183 × 1407 = 25375524993. ಇದರಿಂದ ಸಂಖ್ಯೆಯನ್ನೇ ಕಳೆದರೆ 13029870672 ಉಳಿಯುತ್ತದೆ. ಇದು ಮೂಲ ಸಂಖ್ಯೆಗಿಂತ 684216351ರಷ್ಟು ಹೆಚ್ಚು. ಆದ್ದರಿಂದ 12345654321 ಸಮೃದ್ಧ ಸಂಖ್ಯೆ. ಬೆಸ ಸಂಖ್ಯೆಗಳಲ್ಲಿ ಸಮೃದ್ಧವಾದವು ವಿರಳ. ಅವುಗಳಲ್ಲಿ ಅತಿ ಚಿಕ್ಕದು 945. ಇದರ ವರ್ಗಮೂಲವಾದ 111111 ಮಾತ್ರ ನ್ಯೂನ ಸಂಖ್ಯೆ. ಅದರ ಉಳಿದ ಭಾಜಕಗಳ ಮೊತ್ತ ಕೇವಲ 93177.

ಪೂರ್ಣವರ್ಗದ ಭಾಜಕಗಳ ಮೊತ್ತ ಯಾವಾಗಲೂ ಬೆಸವಾಗಿರುತ್ತದೆ. ಪರಿಪೂರ್ಣ ಸಂಖ್ಯೆಯಾಗಬೇಕಾದರೆ ಆ ಮೊತ್ತ ಸಂಖ್ಯೆಯ ಎರಡು ಪಟ್ಟು, ಅಂದರೆ ಸಮಸಂಖ್ಯೆ, ಆಗಬೇಕು. ಆದ್ದರಿಂದ 1ನ್ನೂ ಒಳಗೊಂಡು ಯಾವ ಪೂರ್ಣವರ್ಗವೂ ಪರಿಪೂರ್ಣ ಸಂಖ್ಯೆಯಾಗಲಾರದು.

ಸಹ-ಅವಿಭಾಜ್ಯಗಳು: 1ರಿಂದ ಈ ಸಂಖ್ಯೆಯವರೆಗೆ ಇದರೊಡನೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳು 5759994240 ಇವೆ. ಇದನ್ನು ಆಯ್ಲರನ ಸೂತ್ರದಂತೆ 111111 × 2 × 6 × 10 × 12 × 36 ಎಂದು ಪಡೆಯಬಹುದು.

ಹರ್ಷದ್ ಸಂಖ್ಯೆ ಅಲ್ಲ: ತನ್ನ ಅಂಕಿಗಳ ಮೊತ್ತದಿಂದ ಭಾಗವಾಗುವ ಸಂಖ್ಯೆಗೆ ಹರ್ಷದ್ ಸಂಖ್ಯೆ ಎಂದು ಹೆಸರು. ಈ ಹೆಸರನ್ನು ಕೊಟ್ಟವರೂ ಕಾಪ್ರೇಕರ್ ಅವರೇ. 12345654321 ಬೆಸ ಸಂಖ್ಯೆ. ಅಂಕಿಗಳ ಮೊತ್ತವಾದ 36 ಸಮಸಂಖ್ಯೆ. ಆದ್ದರಿಂದ ಇದು ಆ ಗುಂಪಿಗೆ ಸೇರುವುದಿಲ್ಲ.

ಲಂಬಕೋನ ತ್ರಿಭುಜಗಳು

12345654321ನ್ನು ಎರಡು ಪೂರ್ಣವರ್ಗಗಳ ಮೊತ್ತವಾಗಿ ನಾಲ್ಕು ರೀತಿಗಳಲ್ಲಿ ಬರೆಯಬಹುದು. ಬೇರೆ ಮಾತಿನಲ್ಲಿ ಹೇಳುವುದಾದರೆ, ವಿಕರ್ಣವು 111111 ಆಗಿದ್ದು ಉಳಿದೆರಡು ಬಾಹುಗಳೂ ಪೂರ್ಣಾಂಕಗಳಾಗಿರುವ ಲಂಬಕೋನ ತ್ರಿಭುಜಗಳು ನಾಲ್ಕೇ ನಾಲ್ಕು:

7161² + 110880² = 12345654321
36036² + 105105² = 12345654321
42735² + 102564² = 12345654321
73689² + 83160² = 12345654321

ಇದಕ್ಕೆ ಕಾರಣ ಇದರ ಅಪವರ್ತನಗಳಲ್ಲಿದೆ. 4ರಿಂದ ಭಾಗಿಸಿದಾಗ 1 ಶೇಷ ಉಳಿಯುವ ಅವಿಭಾಜ್ಯಗಳು ಮಾತ್ರ ಇಂಥ ತ್ರಿಭುಜಗಳಿಗೆ ವಿಕರ್ಣವಾಗಬಲ್ಲವು. ಇಲ್ಲಿರುವ ಐದರಲ್ಲಿ 13 ಮತ್ತು 37 ಅಂಥವು. 5, 12, 13 ಎಂಬ ತ್ರಿಭುಜವನ್ನು 8547ರಿಂದ ಹಿಗ್ಗಿಸಿದರೆ ಮೂರನೆಯ ಸಾಲು, 12, 35, 37 ಎಂಬುದನ್ನು 3003ರಿಂದ ಹಿಗ್ಗಿಸಿದರೆ ಎರಡನೆಯ ಸಾಲು ದೊರೆಯುತ್ತದೆ. ಉಳಿದೆರಡು ಸಾಲುಗಳು 13 × 37 = 481ನ್ನು ವಿಕರ್ಣವಾಗಿ ಉಳ್ಳ 31, 480, 481 ಮತ್ತು 319, 360, 481 ಎಂಬ ತ್ರಿಭುಜಗಳನ್ನು 231ರಿಂದ ಹಿಗ್ಗಿಸಿದಾಗ ಬರುತ್ತವೆ.

ಗಣಿತಸಾರಸಂಗ್ರಹದ ಕ್ಷೇತ್ರಗಣಿತ ಭಾಗದಲ್ಲಿ ಎರಡು 'ಬೀಜ'ಸಂಖ್ಯೆಗಳಿಂದ ಇಂಥ ಆಕೃತಿಗಳನ್ನು ಹುಟ್ಟಿಸುವ 'ಜನ್ಯ' ವಿಧಾನ ವಿವರಿಸಲ್ಪಟ್ಟಿದೆ. ಬೀಜಗಳ ವರ್ಗಗಳ ವ್ಯತ್ಯಾಸ ಒಂದು ಬಾಹು, ಅವುಗಳ ಗುಣಲಬ್ಧದ ಎರಡು ಪಟ್ಟು ಇನ್ನೊಂದು ಬಾಹು, ವರ್ಗಗಳ ಮೊತ್ತ ವಿಕರ್ಣ. 16 ಮತ್ತು 15 ಬೀಜಗಳಾದರೆ 31, 480, 481 ಹುಟ್ಟುತ್ತದೆ. 20 ಮತ್ತು 9 ಬೀಜಗಳಾದರೆ 319, 360, 481.

ವ್ಯುತ್ಕ್ರಮ

1ನ್ನು 12345654321ರಿಂದ ಭಾಗಿಸಿದರೆ ಬರುವ ದಶಮಾಂಶ ರೂಪವನ್ನು ಆರಾರು ಅಂಕಿಗಳ ಗುಂಪುಗಳಾಗಿ ಬರೆದಾಗ 81ರ ಮಗ್ಗಿ ಕಾಣಿಸಿಕೊಳ್ಳುತ್ತದೆ:

0.000000 000081 000162 000243 000324 000405 …

111111 × 9 = 999999 ಆಗಿರುವುದರಿಂದ 12345654321 × 81 = 999999², ಅಂದರೆ 999998000001. 1ನ್ನು 999999²ರಿಂದ ಭಾಗಿಸಿದರೆ ಆರಂಕಿಯ ಗುಂಪುಗಳಲ್ಲಿ 1, 2, 3, 4 ಎಂಬ ಎಣಿಕೆ ಬರುತ್ತದೆ. ಅದನ್ನು 81ರಿಂದ ಗುಣಿಸಿದ್ದೇ ಮೇಲಿನ ಸಾಲು.

ಅಂಕಿಗಳಿಗೆ ಸಂಬಂಧಿಸಿದ ಗುಣಗಳು

ಗತಪ್ರತ್ಯಾಗತ: 'ವಿಕಟಕವಿ', 'ನವಜೀವನ' ಪದಗಳಂತೆ ಹಿಂದುಮುಂದಾಗಿ ಓದಿದರೂ ಬದಲಾಗದ ರಚನೆಗೆ ಕಾವ್ಯಮೀಮಾಂಸೆಯಲ್ಲಿ ಗತಪ್ರತ್ಯಾಗತ ಎಂಬ ಹೆಸರಿದೆ. 12345654321 ಮತ್ತು ಅದರ ವರ್ಗಮೂಲ 111111 ಎರಡೂ ಗತಪ್ರತ್ಯಾಗತ ಸಂಖ್ಯೆಗಳೇ.

ಅಂಕಿಗಳ ಮೊತ್ತ: 1 + 2 + 3 + 4 + 5 + 6 + 5 + 4 + 3 + 2 + 1 = 36. ಇದು ನಡುವಿನ ಅಂಕಿಯಾದ 6ರ ವರ್ಗ. ವರ್ಗಮೂಲವಾದ 111111ರ ಅಂಕಿಗಳ ಮೊತ್ತ 6 ಆಗಿರುವುದನ್ನೂ ಗಮನಿಸಬಹುದು.

ಅಂಕಿಗಳ ಗುಣಲಬ್ಧ: ಎಲ್ಲ ಅಂಕಿಗಳನ್ನು ಗುಣಿಸಿದರೆ 720 × 120 = 86400. ಒಂದು ದಿನದಲ್ಲಿರುವ ಸೆಕೆಂಡುಗಳ ಸಂಖ್ಯೆಯೂ ಇದೇ. ಇದು ಕೇವಲ ಆಕಸ್ಮಿಕ ಹೊಂದಾಣಿಕೆ. ದಿನವನ್ನು 24 ಗಂಟೆ, ಗಂಟೆಯನ್ನು 60 ನಿಮಿಷ, ನಿಮಿಷವನ್ನು 60 ಸೆಕೆಂಡುಗಳಾಗಿ ವಿಭಾಗಿಸಿರುವುದು ಮಾನವರ ಒಪ್ಪಂದ.

ಬೇರೆ ಆಧಾರಗಳಲ್ಲಿ

ಹತ್ತರ ಬದಲು ಬೇರೆ ಆಧಾರದಲ್ಲಿ ಬರೆದಾಗ ಈ ಸಂಖ್ಯೆಯ ಹಾರದ ರೂಪ ಉಳಿಯಬೇಕೆಂದಿಲ್ಲ. ಗಣಕಯಂತ್ರಗಳು ಬಳಸುವ ದ್ವಿಮಾನ ಪದ್ಧತಿಯಲ್ಲಿ ಇದು 34 ಅಂಕಿಗಳ ಸಂಖ್ಯೆ. ಆರಂಭದ ನಾಲ್ಕು ಅಂಕಿಗಳು 1011, ಕೊನೆಯ ನಾಲ್ಕು 0001. ಅಲ್ಲಿ ಇದು ಗತಪ್ರತ್ಯಾಗತವಲ್ಲ. ಆದರೂ ಇದು ಪೂರ್ಣವರ್ಗವಾಗಿಯೇ ಇರುತ್ತದೆ; ಇದರ ಭಾಜಕಗಳು 243 ಆಗಿಯೇ ಇರುತ್ತವೆ.

ಇದಕ್ಕೆ ಪ್ರತಿಯಾಗಿ, 12345654321 ಎಂಬ ಬರವಣಿಗೆಯನ್ನೇ ಹಿಡಿದುಕೊಂಡು ಆಧಾರವನ್ನು ಬದಲಿಸಿದರೆ ಬೇರೊಂದು ಸತ್ಯ ಹೊರಬರುತ್ತದೆ. ಏಳು ಅಥವಾ ಅದಕ್ಕಿಂತ ದೊಡ್ಡದಾದ ಯಾವ ಆಧಾರದಲ್ಲಿಯೂ ಈ ಬರವಣಿಗೆಯು 111111 ಎಂಬ ಬರವಣಿಗೆಯ ವರ್ಗವನ್ನೇ ಸೂಚಿಸುತ್ತದೆ. ಏಳರ ಆಧಾರದಲ್ಲಿ 111111 ಎಂದರೆ ನಮ್ಮ 19608. 12345654321 ಎಂದರೆ ನಮ್ಮ 384473664. ಇದು 19608ರ ವರ್ಗ. ಆರರ ಆಧಾರದಲ್ಲಿ 6 ಎಂಬ ಅಂಕಿಯೇ ಇಲ್ಲದಿರುವುದರಿಂದ ವಿನ್ಯಾಸ ಸಾಧ್ಯವಿಲ್ಲ.

ಮಹಾವೀರಾಚಾರ್ಯರ ಹಾರಗಳು ಈ ಎರಡನೆಯ ಬಗೆಯ ಗುಣವನ್ನು ಅವಲಂಬಿಸಿವೆ. ರೋಮನ್ ಅಂಕಿಗಳಂತೆ ಸ್ಥಾನಬೆಲೆಯಿಲ್ಲದ ಪದ್ಧತಿಯಲ್ಲಿ ಬರೆದರೆ 27994681 × 441ರ ಉತ್ತರ ಅಷ್ಟೇ ಇದ್ದರೂ ಅದರಲ್ಲಿ ಹಾರ ಕಾಣದು. 1000000001 ಎಂಬ ಇನ್ನೊಂದು ಹಾರದಲ್ಲಿ ಎರಡು ತುದಿಯ ಮಣಿಗಳ ನಡುವೆ ಇರುವುದೆಲ್ಲ ಸೊನ್ನೆಗಳೇ. ಸೊನ್ನೆಯನ್ನೂ ಸ್ಥಾನಬೆಲೆಯನ್ನೂ ಬರಿಯ ಅನುಕೂಲಕ್ಕಾಗಿ ಬಳಸುವ ಹಂತವನ್ನು ದಾಟಿ, ಅವುಗಳೊಂದಿಗೆ ಆಟವಾಡುವಷ್ಟು ಸಲುಗೆ 9ನೆಯ ಶತಮಾನದ ಕನ್ನಡ ನಾಡಿನ ಗಣಿತಾಭ್ಯಾಸಕ್ಕೆ ಇತ್ತು ಎಂಬುದಕ್ಕೆ ಈ ಉದಾಹರಣೆಗಳು ಸಾಕ್ಷಿ.

ಹೋಲುವ ಸಂಖ್ಯೆಗಳು

12345678987654321: ಒಂಬತ್ತರವರೆಗೆ ಏರಿ ಇಳಿಯುವ ಈ ಸಂಖ್ಯೆ 111111111ರ ವರ್ಗ. ಜನಪ್ರಿಯ ಪುಸ್ತಕಗಳಲ್ಲಿ ಇದೇ ಹೆಚ್ಚು ಕಾಣಿಸುತ್ತದೆ. ಗಣಿತಸಾರಸಂಗ್ರಹದಲ್ಲಿ ಬರುವುದು ಆರರವರೆಗೆ ಏರುವ ಸಂಖ್ಯೆ.

123456654321: ನಡುವೆ ಎರಡು 6ಗಳಿರುವ ಈ ಹನ್ನೆರಡಂಕಿಯ ಸಂಖ್ಯೆಯೂ ಗತಪ್ರತ್ಯಾಗತವೇ. ಆದರೆ ಇದು 111111 × 1111111, ಪೂರ್ಣವರ್ಗವಲ್ಲ.

12345679: 8 ಇಲ್ಲದಿರುವ ಈ ಸಂಖ್ಯೆಯನ್ನು 9ರಿಂದ ಗುಣಿಸಿದರೆ 111111111. ಇದು ಇತ್ತೀಚಿನ ಗಣಿತ ವಿನೋದವೆಂದು ಹಲವರು ಭಾವಿಸುತ್ತಾರೆ. ಮೇಲಿನ ಪಟ್ಟಿಯಲ್ಲಿರುವಂತೆ ಇದು ಮಹಾವೀರಾಚಾರ್ಯರ ಹಾರಗಳಲ್ಲಿ ಒಂದು.

ಗ್ರಂಥದ ಪ್ರಸಾರ

ಗಣಿತಸಾರಸಂಗ್ರಹವು ದಕ್ಷಿಣ ಭಾರತದಲ್ಲಿ ಬಹುಕಾಲ ಅಧ್ಯಯನದಲ್ಲಿತ್ತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದರು. ವಲ್ಲಭ ಎಂಬವರ ಕನ್ನಡ ವ್ಯಾಖ್ಯಾನವೂ ಇದೆ. ಕನ್ನಡದಲ್ಲಿಯೇ ಗಣಿತಗ್ರಂಥಗಳನ್ನು ರಚಿಸಿದ ರಾಜಾದಿತ್ಯನು 12ನೆಯ ಶತಮಾನದವನು. 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಅವನ ಕೃತಿಗಳು.

ಆಧುನಿಕ ಕಾಲದಲ್ಲಿ ಈ ಗ್ರಂಥವನ್ನು ಬೆಳಕಿಗೆ ತಂದವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು. ಅವರ ಸಂಪಾದನೆ ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜಿನ್ ಸ್ಮಿತ್ ಅದಕ್ಕೆ ಪ್ರಸ್ತಾವನೆ ಬರೆದರು. ಸಂಪಾದನೆಗೆ ನೆರವಾದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯ ಪ್ರತಿಗಳೂ ಇದ್ದವು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಮೂಡಬಿದಿರೆಯ ಜೈನ ಮಠದ ತಾಳೆಗರಿ ಪ್ರತಿಯೂ ಅವುಗಳಲ್ಲಿ ಸೇರಿತ್ತು. ಇಂದಿನ ಬೈಂದೂರು, ಕುಂದಾಪುರ ಪ್ರದೇಶಗಳೂ ಆಗ ಅದೇ ಜಿಲ್ಲೆಯ ಭಾಗವಾಗಿದ್ದವು. 1963ರಲ್ಲಿ ಎಲ್. ಸಿ. ಜೈನ್ ಅವರ ಹಿಂದಿ ಅನುವಾದ ಸೊಲ್ಲಾಪುರದಿಂದ ಪ್ರಕಟವಾಯಿತು.

ಕನ್ನಡ ಓದುಗರಿಗೆ ಹೆಚ್ಚು ಉಪಯುಕ್ತವಾದುದು 2000ದಲ್ಲಿ ಹೊರಬಂದ ಆವೃತ್ತಿ. ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರು ಕನ್ನಡ ಅನುವಾದದೊಂದಿಗೆ ಸಿದ್ಧಪಡಿಸಿದ ಇದನ್ನು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ಹೊಂಬುಜದ ಜೈನ ಮಠ ಪ್ರಕಟಿಸಿತು. ಬೈಂದೂರು ಕಡೆಯಿಂದ ಕೊಲ್ಲೂರು ಘಟ್ಟ ಹತ್ತಿ ಹೋದರೆ ಸಿಗುವುದು ಇದೇ ಹೊಸನಗರ ಸೀಮೆ. ಮಳಖೇಡದ ಅರಸನ ಕಾಲದಲ್ಲಿ ಸಂಸ್ಕೃತ ಪದ್ಯವಾಗಿ ಹೆಣೆಯಲ್ಪಟ್ಟ ಹಾರವನ್ನು ಕನ್ನಡದ ವಿದ್ಯಾರ್ಥಿಯು ಈ ಆವೃತ್ತಿಯಲ್ಲಿ ತನ್ನ ಭಾಷೆಯಲ್ಲಿಯೇ ಓದಿ, ಕಾಗದ ಪೆನ್ಸಿಲುಗಳಿಂದ ಪರೀಕ್ಷಿಸಿ ನೋಡಬಹುದು.